ಕಾನೂನು ಓದಲು ಹೊರಟ ನಿಮಗೆ

ಕಾನೂನು ಓದುವುದೆಂದರೆ ಕಲಂಗಳನ್ನು ಬಾಯಿಪಾಠ ಮಾಡುವುದು ಎಂದು ಯಾರಾದರೂ ನಿಮಗೆ ಹೇಳಿರಬಹುದು. (ಕಾಯಿದೆಯ ಒಂದೊಂದು ನಿಯಮಕ್ಕೂ ಒಂದು ಸಂಖ್ಯೆ ಇರುತ್ತದೆ. ಹಾಗೆ ಸಂಖ್ಯೆ ಹೊತ್ತ ನಿಯಮವೇ ಕಲಂ, ಅಂದರೆ ಸೆಕ್ಷನ್.) ಆ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಾಲೇಜು, ಅರ್ಜಿ, ಅಂಕ ಇವುಗಳ ವಿಚಾರವನ್ನೂ ಆಮೇಲೆ ನೋಡೋಣ. ಮೊದಲು ಒಂದು ಹಳೆಯ ಮೊಕದ್ದಮೆಯ ಸಂಗತಿ ಕೇಳಿ, ನೀವೇ ನ್ಯಾಯಾಧೀಶರಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸಿ.

1913ನೇ ಇಸವಿ. ಕಾನಪುರದ ಗೌರಿ ದತ್ ಎಂಬುವರ ಮನೆತನದ ಹುಡುಗನೊಬ್ಬ ಮನೆ ಬಿಟ್ಟು ಹೋದ. ಹುಡುಕಿಕೊಂಡು ಬರಲು ಅವರು ತಮ್ಮ ಮುನೀಮ ಲಾಲ್‌ಮನ್ ಶುಕ್ಲಾನನ್ನು ಹರಿದ್ವಾರದ ಕಡೆಗೆ ಕಳಿಸಿದರು. ಮುನೀಮನೆಂದರೆ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ. ಅವನು ಹೊರಟ ಮೇಲೆ ಗೌರಿ ದತ್ ಕರಪತ್ರ ಹಂಚಿಸಿದರು: ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನ. ಶುಕ್ಲಾ ಹುಡುಗನನ್ನು ಪತ್ತೆ ಮಾಡಿದ. ಆ ಹೊತ್ತಿಗೆ ಬಹುಮಾನದ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ. ಕೆಲವು ತಿಂಗಳ ನಂತರ ಅವನ ಕೆಲಸ ಹೋಯಿತು. ಆಗ ಅವನು ಬಹುಮಾನದ ಹಣಕ್ಕಾಗಿ ದಾವೆ ಹೂಡಿದ. ಹಣ, ಆಸ್ತಿ ಅಥವಾ ಹಕ್ಕಿನ ವಿಷಯದಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ನ್ಯಾಯಾಲಯಕ್ಕೆ ಹೋಗುವುದನ್ನು ದಾವೆ ಎನ್ನುತ್ತೇವೆ.

ಹಣ ಕೊಡಬೇಕೇ, ಬೇಡವೇ? ಮೊದಲ ವರ್ಷದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು 'ಕೊಡಬೇಕು' ಎಂದೇ ಹೇಳುತ್ತಾರೆ. ಹುಡುಗ ಸಿಕ್ಕಿದ್ದಾನೆ, ಯಜಮಾನರು ಮಾತು ಕೊಟ್ಟಿದ್ದಾರೆ, ಮತ್ತೇನು ಎಂಬುದು ಅವರ ವಾದ. ಒಳ್ಳೆಯ ವಾದವೇ. ಕಾಯಿದೆಯಲ್ಲಿ ಅದಕ್ಕೆ ಆಸರೆಯೂ ಇದೆ. 1872ರ ಭಾರತೀಯ ಕರಾರು ಕಾಯಿದೆಯ 8ನೇ ಕಲಂ ಪ್ರಕಾರ, ಒಂದು ಪ್ರಸ್ತಾವದಲ್ಲಿ ಹೇಳಿದ ಷರತ್ತನ್ನು ನೆರವೇರಿಸಿದರೆ ಅದೇ ಆ ಪ್ರಸ್ತಾವಕ್ಕೆ ಒಪ್ಪಿಗೆ. ಪ್ರಸ್ತಾವವೆಂದರೆ 'ನೀವು ಹೀಗೆ ಮಾಡಿದರೆ ನಾನು ಹೀಗೆ ಮಾಡುತ್ತೇನೆ' ಎಂದು ಒಬ್ಬರು ಮುಂದಿಡುವ ಮಾತು. ಬಹುಮಾನದ ಕರಪತ್ರ ಅಂಥ ಮಾತು. ಶುಕ್ಲಾ ಷರತ್ತನ್ನು ನೆರವೇರಿಸಿದ್ದಾನೆ. ಹಾಗಾದರೆ ಕರಾರು ಆಯಿತಲ್ಲವೇ?

ಅವಸರ ಬೇಡ. ನಾಲ್ಕು ಕಲಂ ಹಿಂದಕ್ಕೆ ಹೋಗಿ. ಪ್ರಸ್ತಾವ ಯಾರಿಗೆ ಮುಟ್ಟಬೇಕೋ ಅವರ ತಿಳಿವಳಿಕೆಗೆ ಬಂದಾಗ ಮಾತ್ರ ಅದು ತಲುಪಿದಂತೆ ಎಂದು 4ನೇ ಕಲಂ ಹೇಳುತ್ತದೆ. ಶುಕ್ಲಾನಿಗೆ ಬಹುಮಾನದ ವಿಷಯವೇ ತಿಳಿದಿರಲಿಲ್ಲ. ಅವನ ಮಟ್ಟಿಗೆ ಒಪ್ಪಿಕೊಳ್ಳಲು ಎದುರಿಗೆ ಪ್ರಸ್ತಾವವೇ ಇರಲಿಲ್ಲ. ಅಲಹಾಬಾದ್ ಹೈಕೋರ್ಟ್ ಅವನ ಬೇಡಿಕೆಯನ್ನು ತಳ್ಳಿಹಾಕಿತು. ಹುಡುಕುವುದು ನೌಕರನಾಗಿ ಅವನು ಆಗಲೇ ವಹಿಸಿಕೊಂಡಿದ್ದ ಕೆಲಸ ಎಂಬ ಕಾರಣವನ್ನೂ ಅದು ಕೊಟ್ಟಿತು.

ಈ ತೀರ್ಪು ನಿಮಗೆ ಹಿಡಿಸದಿರಬಹುದು. ಹಿಡಿಸಲೇಬೇಕೆಂದಿಲ್ಲ. ಆದರೆ ಈ ಕೆಲವು ನಿಮಿಷಗಳಲ್ಲಿ ನೀವು ಏನು ಮಾಡಿದಿರಿ ಎಂಬುದನ್ನು ಗಮನಿಸಿ. ಸಂಗತಿಗಳನ್ನು ಕೇಳಿದಿರಿ, ಅನ್ನಿಸಿದ್ದನ್ನು ಹೇಳಿದಿರಿ, ಕಾಯಿದೆಯಲ್ಲಿ ಅದಕ್ಕೆ ಆಸರೆ ಹುಡುಕಿದಿರಿ, ಇನ್ನೊಂದು ಕಲಂ ಎದುರಾದಾಗ ಮೊದಲ ಅಭಿಪ್ರಾಯವನ್ನು ಮತ್ತೆ ತೂಗಿದಿರಿ. ಮೂರು ಅಥವಾ ಐದು ವರ್ಷ ಕಾನೂನು ಕಾಲೇಜಿನಲ್ಲಿ ನಡೆಯುವುದು ಇದೇ ಕೆಲಸ. ಗೆದ್ದವರು ಯಾರು ಎಂಬುದು ಕಕ್ಷಿದಾರರಿಗೆ, ಅಂದರೆ ಮೊಕದ್ದಮೆಯ ಎರಡು ಕಡೆಯವರಿಗೆ, ಮುಖ್ಯ. ವಿದ್ಯಾರ್ಥಿಗೆ ಮುಖ್ಯವಾದದ್ದು ಏಕೆ ಗೆದ್ದರು ಎಂಬುದು.

ಇನ್ನು ಪದವಿಯ ಹಾದಿಗಳ ವಿಚಾರ. ನಮ್ಮ ದೇಶದಲ್ಲಿ ವಕೀಲರಾಗಲು ಬೇಕಾದ ಕಾನೂನು ಪದವಿಗೆ ಎರಡು ಹಾದಿಗಳಿವೆ. ಪಿಯುಸಿ ಮುಗಿಸಿದವರು ಐದು ವರ್ಷದ ಸಂಯೋಜಿತ ಪದವಿಗೆ ಸೇರಬಹುದು. ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಎಂದೆಲ್ಲ ಕರೆಯುವುದು ಇದನ್ನೇ. ಯಾವುದಾದರೂ ಪದವಿ ಮುಗಿಸಿದವರು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದು. ನೀವು ವಿಜ್ಞಾನ ಓದಿದ್ದರೂ ವಾಣಿಜ್ಯ ಓದಿದ್ದರೂ ಅಡ್ಡಿಯಿಲ್ಲ. ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರಲ್ಲಿ ಮಾಡಿದ ನಿಯಮಗಳ ಪ್ರಕಾರ ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ 45 ಅಂಕ ಬೇಕು. ಹಿಂದುಳಿದ ವರ್ಗದವರಿಗೆ ಇದು ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40.

ಐದು ವರ್ಷದ ಹಾದಿ ಹಿಡಿಯುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಮೂರನೇ ವರ್ಷದಲ್ಲಿ ಬೇಸರ ಬಂದು ಬಿಟ್ಟರೆ ಕೈಗೆ ಬಿಎ ಪದವಿ ಬರುವುದಿಲ್ಲ. ಎರಡೂ ಪದವಿ ಒಟ್ಟಿಗೇ ಸಿಗಬೇಕು. ಮನೆಯಲ್ಲೇ ಕೂತು ಅಂಚೆ ತೆರಪಿನಲ್ಲಿ ಓದಿ ವಕೀಲರಾಗಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಕೀಲರಾಗಿ ಹೆಸರು ನೋಂದಾಯಿಸಲು ತರಗತಿಗೆ ಹಾಜರಾಗಿ ಪಡೆದ ಪದವಿಯೇ ಬೇಕು.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಹೆಸರನ್ನು ನೀವು ಕೇಳಿರುತ್ತೀರಿ. ಅವುಗಳಲ್ಲಿ ಮೊದಲನೆಯದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1986ರ ರಾಜ್ಯ ಕಾಯಿದೆಯೊಂದರ ಮೂಲಕ ಸ್ಥಾಪನೆಯಾದ ನ್ಯಾಷನಲ್ ಲಾ ಸ್ಕೂಲ್‌ಗೆ ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರು. 1988ರಲ್ಲಿ ಅಲ್ಲಿ ಪಾಠ ಆರಂಭವಾಯಿತು. ಇಂಥ ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಬಹುಮಟ್ಟಿಗೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಕಾನೂನಿನ ಪೂರ್ವಜ್ಞಾನವನ್ನು ಅದು ಕೇಳುವುದಿಲ್ಲ, ಓದಿ ಅರ್ಥಮಾಡಿಕೊಳ್ಳುವ ವೇಗವನ್ನು ಅಳೆಯುತ್ತದೆ.

ಕ್ಲ್ಯಾಟ್‌ನಲ್ಲಿ ಸೀಟು ಸಿಗದಿದ್ದರೆ ಕಾನೂನಿನ ಬಾಗಿಲು ಮುಚ್ಚಿತು ಎಂದು ಕೊರಗುವ ಮಕ್ಕಳನ್ನು ನೋಡಿದ್ದೇನೆ. ಈ ಕೊರಗಿಗೆ ಅರ್ಥವಿಲ್ಲ. ಕರ್ನಾಟಕದ ಜಿಲ್ಲೆ ಜಿಲ್ಲೆಗಳಲ್ಲಿ ಕಾನೂನು ಕಾಲೇಜುಗಳಿವೆ. ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು 1939ರಷ್ಟು ಹಳೆಯದು. ಇವುಗಳಲ್ಲಿ ಬಹುಪಾಲು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಸಾಮಾನ್ಯವಾಗಿ ಪಿಯುಸಿ ಅಥವಾ ಪದವಿಯ ಅಂಕದ ಮೇಲೆಯೇ ಪ್ರವೇಶ ಸಿಗುತ್ತದೆ. ಶುಲ್ಕವೂ ಕಡಿಮೆ. ಕೊನೆಗೆ ನ್ಯಾಯಾಧೀಶರ ಮುಂದೆ ನಿಂತಾಗ ನಿಮ್ಮ ಕಾಲೇಜು ಯಾವುದೆಂದು ಯಾರೂ ಕೇಳುವುದಿಲ್ಲ, ನಿಮ್ಮ ಕಡತ ಓದಿದ್ದೀರಾ ಎಂದು ಕೇಳುತ್ತಾರೆ.

ಪಠ್ಯದಲ್ಲಿ ಏನೇನಿರುತ್ತದೆ? ಸಂವಿಧಾನ, ಕರಾರು, ಟಾರ್ಟ್ಸ್, ಅಪರಾಧ, ಆಸ್ತಿ, ಕುಟುಂಬ, ಸಾಕ್ಷ್ಯ, ತೆರಿಗೆ, ಕಾರ್ಮಿಕ, ಕಂಪನಿ ಎಂದು ವಿಷಯಗಳ ಪಟ್ಟಿ ಉದ್ದವಾಗಿದೆ. ಪಟ್ಟಿಯಾಗಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತದೆ. ಒಂದು ಕಾಲ್ಪನಿಕ ಘಟನೆಯನ್ನು ಇಟ್ಟುಕೊಂಡು ನೋಡಿದರೆ ಸಂಬಂಧ ತಿಳಿಯುತ್ತದೆ. ಹಾವೇರಿಯ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಬೈಕಿಗೆ ಗುದ್ದಿತು, ಬೈಕ್ ಸವಾರ ತೀರಿಕೊಂಡರು ಎಂದುಕೊಳ್ಳಿ.

ಪೊಲೀಸರು ಲಾರಿ ಚಾಲಕನ ಮೇಲೆ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಪ್ರಕರಣ ದಾಖಲಿಸುತ್ತಾರೆ. ಇದು ಅಪರಾಧ ಕಾನೂನು. ಇಲ್ಲಿ ಆರೋಪಿಯ ಎದುರಿಗೆ ನಿಲ್ಲುವುದು ಸತ್ತವರ ಮನೆಯವರಲ್ಲ, ಸರ್ಕಾರ. ಉದ್ದೇಶ ಶಿಕ್ಷೆ. ಸವಾರರ ಹೆಂಡತಿ ಮಕ್ಕಳು ಪರಿಹಾರ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಇದರ ಬೇರು ಟಾರ್ಟ್ಸ್‌ನಲ್ಲಿದೆ. ಒಬ್ಬರ ಎಚ್ಚರಗೇಡಿತನದಿಂದ ಇನ್ನೊಬ್ಬರಿಗೆ ಹಾನಿಯಾದಾಗ ಅದನ್ನು ಹಣದ ರೂಪದಲ್ಲಿ ತುಂಬಿಕೊಡಬೇಕಾದ ಹೊಣೆ ಯಾರದು ಎಂದು ವಿಚಾರಿಸುವ ಶಾಖೆಯನ್ನು ಟಾರ್ಟ್ಸ್ ಎನ್ನುತ್ತೇವೆ. ವಿಮಾ ಕಂಪನಿ ಬಂದು 'ಚಾಲಕನಿಗೆ ಪರವಾನಗಿ ಇರಲಿಲ್ಲ, ವಿಮೆಯ ಷರತ್ತು ಮುರಿದಿದೆ' ಎನ್ನುತ್ತದೆ. ಅದು ಕರಾರಿನ ಪ್ರಶ್ನೆ. ಸವಾರರ ಹೆಸರಿನಲ್ಲಿದ್ದ ಎರಡು ಎಕರೆ ಯಾರಿಗೆ ಸೇರಬೇಕು ಎನ್ನುವಾಗ ಉತ್ತರಾಧಿಕಾರದ ಕಾನೂನು ಬರುತ್ತದೆ. ಒಂದು ಸಾವು, ನಾಲ್ಕು ಪಠ್ಯಪುಸ್ತಕ.

ಇದರಲ್ಲಿ ಹೊಸಬರಿಗೆ ತುಂಬ ಗೊಂದಲ ಹುಟ್ಟಿಸುವ ಸಂಗತಿ ಒಂದಿದೆ. ಅಪರಾಧ ಪ್ರಕರಣದಲ್ಲಿ ಚಾಲಕ ಖುಲಾಸೆಯಾಗಬಹುದು, ಅದೇ ಅಪಘಾತಕ್ಕೆ ನ್ಯಾಯಮಂಡಳಿ ಪರಿಹಾರವನ್ನೂ ಕೊಡಬಹುದು. ಒಂದೇ ಘಟನೆಗೆ ಎರಡು ಉತ್ತರ ಹೇಗೆ ಎಂದು ಜನ ಕೇಳುತ್ತಾರೆ. ಕಾರಣ ಸರಳ. ಒಬ್ಬರನ್ನು ಜೈಲಿಗೆ ಕಳಿಸುವಾಗ ತಪ್ಪು ಸಂಶಯಾತೀತವಾಗಿ ಸಾಬೀತಾಗಬೇಕು. ಪರಿಹಾರ ಕೊಡಿಸುವಾಗ ಅಷ್ಟು ಬೇಕಿಲ್ಲ, ಹೀಗಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಸಾಕ್ಷ್ಯ ಒಂದೇ ಇದ್ದರೂ ತೂಗುವ ಅಳತೆ ಬೇರೆ. ಇದು ಮನಸ್ಸಿನಲ್ಲಿ ಕೂತರೆ ಪತ್ರಿಕೆಯಲ್ಲಿ ಬರುವ ಅರ್ಧದಷ್ಟು 'ವಿಚಿತ್ರ ತೀರ್ಪು'ಗಳು ವಿಚಿತ್ರವಾಗಿ ಕಾಣುವುದಿಲ್ಲ.

ವಿಷಯಗಳನ್ನು ಇನ್ನೊಂದು ಬಗೆಯಲ್ಲೂ ವಿಂಗಡಿಸುತ್ತೇವೆ. ನಿಮಗೆ ಏನು ಹಕ್ಕಿದೆ ಎಂದು ಹೇಳುವ ಕಾನೂನುಗಳು ಒಂದು ಕಡೆ. ಆ ಹಕ್ಕನ್ನು ಪಡೆಯಲು ಯಾವ ನ್ಯಾಯಾಲಯಕ್ಕೆ, ಎಷ್ಟು ದಿನದೊಳಗೆ, ಯಾವ ಕಾಗದದೊಂದಿಗೆ ಹೋಗಬೇಕು ಎಂದು ಹೇಳುವ ಪ್ರಕ್ರಿಯಾ ಕಾನೂನುಗಳು ಇನ್ನೊಂದು ಕಡೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಎರಡನೆಯ ಗುಂಪಿನದು. ವಿದ್ಯಾರ್ಥಿಗಳಿಗೆ ಅದು ಒಣ ವಿಷಯ, ವಕೀಲರಿಗೆ ದಿನನಿತ್ಯದ ಅನ್ನ. ನನ್ನನ್ನು ಕೇಳಿದರೆ, ಪದವಿಯ ಇಡೀ ಪಠ್ಯದಲ್ಲಿ ಅತಿ ಕಡಿಮೆ ಪ್ರೀತಿ ಪಡೆಯುವ, ಅತಿ ಹೆಚ್ಚು ಉಪಯೋಗಕ್ಕೆ ಬರುವ ಪುಸ್ತಕ ಅದೇ.

ಅಪರಾಧ ಕಾನೂನಿನಲ್ಲಿ ನೀವು ಒಂದು ಸಂಧಿಕಾಲದಲ್ಲಿ ಓದಲು ಬರುತ್ತಿದ್ದೀರಿ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಕಲಂಗಳಿದ್ದದ್ದು 358 ಆಗಿದೆ. ಸಿನಿಮಾಗಳಿಂದಾಗಿ ಎಲ್ಲರಿಗೂ ಗೊತ್ತಿದ್ದ ಕೊಲೆಯ 302 ಈಗ 103. ಮೋಸಕ್ಕೆ ಹೆಸರಾಗಿದ್ದ 420 ಈಗ 318ರಲ್ಲಿ ಸೇರಿದೆ. ಆದರೂ ಹಳೆಯ ಸಂಖ್ಯೆಗಳನ್ನು ಮರೆಯುವಂತಿಲ್ಲ. ಆ ದಿನಕ್ಕಿಂತ ಹಿಂದೆ ನಡೆದ ಅಪರಾಧಗಳ ವಿಚಾರಣೆ ಹಳೆಯ ಸಂಹಿತೆಯ ಪ್ರಕಾರವೇ ನಡೆಯುತ್ತದೆ, ಅಂಥ ಪ್ರಕರಣಗಳು ನಿಮ್ಮ ವೃತ್ತಿಯ ಮೊದಲ ವರ್ಷಗಳಲ್ಲೂ ಎದುರಾಗುತ್ತವೆ. ಬರಿಯ ಸಂಖ್ಯೆ ಬಾಯಿಪಾಠ ಮಾಡಿದವರು ಒಂದೇ ದಿನದಲ್ಲಿ ಹಳಬರಾದರು. ಕೊಲೆಗೂ ಕೊಲೆಯಲ್ಲದ ಮಾನವ ಹತ್ಯೆಗೂ ಇರುವ ಅಂತರ ತಿಳಿದಿದ್ದವರಿಗೆ ಹೆಚ್ಚೇನೂ ತೊಂದರೆಯಾಗಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ: ತೀರ್ಪು ಓದುವುದು. ಮೇಲಿನ ನ್ಯಾಯಾಲಯ ಒಂದು ಪ್ರಶ್ನೆಯನ್ನು ತೀರ್ಮಾನಿಸಿದರೆ, ಮುಂದೆ ಅದೇ ಪ್ರಶ್ನೆ ಬಂದಾಗ ಕೆಳಗಿನ ನ್ಯಾಯಾಲಯಗಳು ಅದನ್ನು ಪಾಲಿಸಬೇಕು. ಇದನ್ನು ಪೂರ್ವನಿದರ್ಶನ ಎನ್ನುತ್ತೇವೆ. ಆದರೆ ನೂರಾರು ಪುಟದ ತೀರ್ಪಿನಲ್ಲಿ ಪಾಲಿಸಬೇಕಾದದ್ದು ಎಲ್ಲವೂ ಅಲ್ಲ. ತೀರ್ಮಾನಕ್ಕೆ ಆಧಾರವಾದ ಕಾರಣ ಮಾತ್ರ ಮುಂದಿನವರನ್ನು ಕಟ್ಟಿಹಾಕುತ್ತದೆ. ಅದನ್ನು ರೇಶಿಯೊ ಎನ್ನುತ್ತಾರೆ. ನ್ಯಾಯಾಧೀಶರು ಮಾತಿನ ಓಘದಲ್ಲಿ ಹೇಳಿದ, ತೀರ್ಮಾನಕ್ಕೆ ಅಗತ್ಯವಿರದ ಮಾತುಗಳು ಒಬಿಟರ್. ಅವಕ್ಕೆ ಗೌರವವಿದೆ, ಕಟ್ಟುವ ಬಲವಿಲ್ಲ. ಎರಡನ್ನೂ ಬೇರ್ಪಡಿಸುವುದು ಭತ್ತ ತೂರಿದಂತೆ. ಕೈಗೆ ಅಭ್ಯಾಸವಾಗಬೇಕು, ಗಾಳಿಯ ದಿಕ್ಕು ಗೊತ್ತಿರಬೇಕು.

ಭಾರತದ ಯಾವ ಮೂಲೆಯ ಕಾನೂನು ಕಾಲೇಜಿಗೆ ಹೋದರೂ ನಮ್ಮ ನಾಡಿಗೆ ಸಂಬಂಧಿಸಿದ ಕೆಲವು ಪ್ರಕರಣಗಳನ್ನು ಕಡ್ಡಾಯವಾಗಿ ಓದಿಸುತ್ತಾರೆ. ಅವುಗಳಲ್ಲಿ ಮೂರನ್ನು ನೋಡೋಣ.

ಮೊದಲನೆಯದು ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಬಳಿಯ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ನಾನಿ ಪಾಲ್ಖಿವಾಲಾ ವಾದಿಸಿದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಅಷ್ಟು ದೊಡ್ಡ ಪೀಠ ಅದಕ್ಕೆ ಮುಂಚೆ ಇರಲಿಲ್ಲ, ಅದಕ್ಕಿಂತ ದೊಡ್ಡದು ಆಮೇಲೂ ಕೂತಿಲ್ಲ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಬಂತು. ಸ್ವಾಮೀಜಿಗೆ ಏನು ಸಿಕ್ಕಿತು? ಕೇರಳದ ಆ ಭೂಕಾನೂನುಗಳಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಎರಡನೆಯದು ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದ ಅವರಿಗೆ ಅವಕಾಶ ಸಿಗಲಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು: ಬಹುಮತ ತೀರ್ಮಾನವಾಗಬೇಕಾದದ್ದು ಸದನದ ಒಳಗೆ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಕರ್ನಾಟಕದ ವಜಾ ಸಂವಿಧಾನಬಾಹಿರ ಎಂದೂ ಹೇಳಿತು. ಅಷ್ಟು ಹೊತ್ತಿಗೆ ಚುನಾವಣೆ ನಡೆದು ವರ್ಷಗಳು ಕಳೆದಿದ್ದವು. ಹೋದ ಸರ್ಕಾರ ತಿರುಗಿ ಬರಲಿಲ್ಲ.

ಮೂರನೆಯದು 1992ರ ಮೋಹಿನಿ ಜೈನ್ ಪ್ರಕರಣ. ಮೀರತ್‌ನ ವಿದ್ಯಾರ್ಥಿನಿಯೊಬ್ಬಳು ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಬಯಸಿದಳು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ, ಹೊರರಾಜ್ಯದವರಿಗೆ 60,000. ಶಿಕ್ಷಣ ಒಂದು ಹಕ್ಕು, ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ಹೀಗೆ ಹೆಚ್ಚಾಗಿ ಪಡೆಯುವ ಹಣ, ಆ ಹಕ್ಕನ್ನು ಕಸಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅವಳಿಗೆ ಸೀಟು ಕೊಡಿಸಲಿಲ್ಲ. ಮಾತು ಅಲ್ಲಿಗೇ ನಿಲ್ಲಲೂ ಇಲ್ಲ. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠವೊಂದು ಈ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ ಸೀಮಿತಗೊಳಿಸಿತು. 2002ರಲ್ಲಿ ಶಿಕ್ಷಣದ ಹಕ್ಕನ್ನು ಹೇಳುವ 21ಎ ವಿಧಿಯೇ ಸಂವಿಧಾನಕ್ಕೆ ಸೇರಿತು.

ಮೂವರಿಗೂ ಕೇಳಿದ್ದು ಸಿಗಲಿಲ್ಲ, ನೋಡಿ. ಆದರೂ ಅವರ ಹೆಸರು ಪ್ರತಿದಿನ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ, ಏಕೆಂದರೆ ಆ ತೀರ್ಪುಗಳೊಳಗಿನ ಕಾರಣಗಳು ಇಂದಿಗೂ ದುಡಿಯುತ್ತಿವೆ. ಫಲಿತಾಂಶವನ್ನಷ್ಟೇ ಗುರುತು ಹಾಕಿಕೊಳ್ಳುವ ವಿದ್ಯಾರ್ಥಿ ಕೇಶವಾನಂದ ಭಾರತಿ ಪ್ರಕರಣವನ್ನು ಒಂದು ಮಠದ ಜಮೀನಿನ ಜಗಳ ಎಂದು ಬರೆದು ಬಂದಾನು.

ಓದುವ ಕ್ರಮ ಹೀಗೆ. ಮೊದಲು ಸಂಗತಿಗಳನ್ನು ನಿಮ್ಮ ಮಾತಿನಲ್ಲಿ ನಾಲ್ಕೈದು ಸಾಲು ಬರೆಯಿರಿ, ನಿಮ್ಮ ಅಜ್ಜಿಗೂ ಅರ್ಥವಾಗುವಂತಿರಲಿ. ಆಮೇಲೆ ನ್ಯಾಯಾಲಯದ ಮುಂದಿದ್ದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಇದು ಕಷ್ಟ. ಪ್ರಶ್ನೆ ಸರಿಯಾಗಿ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ. ಎರಡೂ ಕಡೆಯ ವಾದ, ನ್ಯಾಯಾಲಯದ ಉತ್ತರ, ಉತ್ತರಕ್ಕೆ ಕೊಟ್ಟ ಕಾರಣ ಆಮೇಲೆ. ಭಿನ್ನಮತದ ತೀರ್ಪು ಇದ್ದರೆ ಅದನ್ನು ಬಿಡಬೇಡಿ. ಸೋತ ವಾದವನ್ನು ಅತ್ಯಂತ ಬಲವಾಗಿ ಕಟ್ಟಿರುವುದು ಅಲ್ಲೇ.

ತೀರ್ಪುಗಳ ವಿಳಾಸ ಓದುವುದನ್ನೂ ಕಲಿಯಬೇಕು. 'ಎಐಆರ್ 1973 ಎಸ್‌ಸಿ 1461' ಎಂದು ಕಂಡರೆ ಹೆದರಬೇಡಿ. ಆಲ್ ಇಂಡಿಯಾ ರಿಪೋರ್ಟರ್ ಎಂಬ ವರದಿ ಸಂಪುಟ, 1973ನೇ ವರ್ಷ, ಸುಪ್ರೀಂ ಕೋರ್ಟಿನ ಭಾಗ, 1461ನೇ ಪುಟ ಎಂದರ್ಥ. ಅಲ್ಲಿ ಸಿಗುವುದು ಕೇಶವಾನಂದ ಭಾರತಿ ಪ್ರಕರಣ. ಆದರೆ ಅದರಿಂದ ಆರಂಭಿಸಬೇಡಿ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ 2017ರ ಖಾಸಗಿತನದ ತೀರ್ಪಿನಿಂದಲೂ ಬೇಡ. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಕೊಟ್ಟ ಆ ತೀರ್ಪಿನಲ್ಲೂ ಆರು ಪ್ರತ್ಯೇಕ ಬರಹಗಳಿವೆ. ಎರಡು ಮೂರು ಪುಟದ ಹಳೆಯ ಕರಾರು ಪ್ರಕರಣಗಳಿಂದ ಕೈ ಪಳಗಿಸಿಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರ ಮನಸ್ಸಿನಲ್ಲಿ ಒಂದು ಭಯ ಇದ್ದೇ ಇರುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿಯೇ ಹಾಗೆ ಹೇಳುತ್ತದೆ. ದೊಡ್ಡ ತೀರ್ಪುಗಳೂ ಒಳ್ಳೆಯ ವ್ಯಾಖ್ಯಾನ ಗ್ರಂಥಗಳೂ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಆದ್ದರಿಂದ ಇಂಗ್ಲಿಷ್ ಓದಲು ಕಲಿಯಲೇಬೇಕು. ಆದರೆ ಓದಲು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಯೋಚಿಸಬೇಕು ಎಂದುಕೊಂಡು ಬಾಯಿ ಕಟ್ಟಿಸಿಕೊಳ್ಳುವುದು ಬೇರೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಗೆ ಕನ್ನಡದಲ್ಲಿ ಉತ್ತರಿಸುವ ಅವಕಾಶವಿದೆ. ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ರೈತರು ಮಾತಾಡುವುದು ಕನ್ನಡದಲ್ಲೇ. ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಅವರ ಮಾತಿನ ಗಟ್ಟಿತನ ಪರೀಕ್ಷಿಸುವುದು, ಅವರ ಭಾಷೆಯ ಒಳಸುಳಿ ಬಲ್ಲವರಿಗೇ ಒಲಿಯುತ್ತದೆ. ಪ್ರತಿದಿನ ಒಂದು ಕಲಂ ಇಂಗ್ಲಿಷಿನಲ್ಲಿ ಓದಿ ಅದನ್ನು ಕನ್ನಡದಲ್ಲಿ ಬಿಡಿಸಿ ಬರೆಯಿರಿ. ವರ್ಷ ಕಳೆಯುವುದರೊಳಗೆ ಎರಡೂ ಭಾಷೆ ಒಟ್ಟಿಗೆ ಹದವಾಗುತ್ತವೆ.

ಓದುವುದಕ್ಕೆ ಬೇರ್ ಆಕ್ಟ್ ಇಟ್ಟುಕೊಳ್ಳಿ. ವ್ಯಾಖ್ಯಾನ, ವಿವರಣೆ ಏನೂ ಇಲ್ಲದೆ ಕಾಯಿದೆಯ ಮೂಲಪಾಠ ಮಾತ್ರ ಇರುವ ಪುಸ್ತಕವನ್ನು ಹಾಗೆ ಕರೆಯುತ್ತಾರೆ. ಪರೀಕ್ಷೆಯ ಹಿಂದಿನ ವಾರ ಮಾರಾಟವಾಗುವ ಗೈಡುಗಳಲ್ಲಿ ತೀರ್ಪಿನ ಹೆಸರೂ ಫಲಿತಾಂಶವೂ ಇರುತ್ತವೆ, ಕಾರಣ ಇರುವುದಿಲ್ಲ. ಅವುಗಳಿಂದ ಪಾಸಾಗಬಹುದು, ಕಾನೂನು ಕಲಿಯಲಾಗದು. ಕಲಂ ಓದುವಾಗ ಪುಟ್ಟ ಪದಗಳ ಮೇಲೆ ಬೆರಳಿಡಿ. 'ಮತ್ತು' ಇದೆಯೋ 'ಅಥವಾ' ಇದೆಯೋ, 'ತಕ್ಕದ್ದು' ಎಂದಿದೆಯೋ 'ಬಹುದು' ಎಂದಿದೆಯೋ ಎಂಬುದರ ಮೇಲೆ ಮೊಕದ್ದಮೆಗಳು ನಿಂತಿರುತ್ತವೆ.

ತರಗತಿಯ ಹೊರಗೂ ಕಲಿಕೆ ಇದೆ. ವಕೀಲರ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಪದವಿಯವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಇಂಟರ್ನ್‌ಶಿಪ್ ಎಂದರೆ ವಕೀಲರ, ಸಂಸ್ಥೆಗಳ ಅಥವಾ ನ್ಯಾಯಾಲಯದ ಜೊತೆಯಲ್ಲಿದ್ದು ಕೆಲಸ ಕಲಿಯುವುದು. ಅರ್ಜಿ, ದಾವೆಪತ್ರ, ಕ್ರಯಪತ್ರ ಬರೆಯುವ ತರಬೇತಿಯೂ ವೃತ್ತಿನೀತಿಯ ಪಾಠವೂ ಕಡ್ಡಾಯ. ಅಣಕು ನ್ಯಾಯಾಲಯವೂ ಕಡ್ಡಾಯ. ಅದನ್ನು ಮೂಟ್ ಕೋರ್ಟ್ ಎನ್ನುತ್ತಾರೆ. ಕಲ್ಪಿತ ಪ್ರಕರಣವೊಂದನ್ನು ಕೊಟ್ಟು ನೀವು ಎರಡೂ ಕಡೆಗೆ ವಾದ ಸಿದ್ಧಪಡಿಸುವಂತೆ ಮಾಡುತ್ತಾರೆ. ನಿಮಗೆ ನಂಬಿಕೆಯಿಲ್ಲದ ಕಡೆಯ ವಾದವನ್ನು ಕಟ್ಟುವಾಗ ಆಗುವ ಕಲಿಕೆ ಬೇರೆಲ್ಲೂ ಆಗದು. ಮೊದಲ ವರ್ಷ ಬೆಂಗಳೂರಿನ ದೊಡ್ಡ ಕಚೇರಿಗಳ ಹಿಂದೆ ಬೀಳಬೇಡಿ ಎಂಬುದು ನನ್ನ ಸಲಹೆ. ನಿಮ್ಮ ಊರಿನ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಕೆಲವು ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ಎಲ್ಲರಿಗೂ ತೆರೆದಿರುತ್ತದೆ, ವಿದ್ಯಾರ್ಥಿಯೆಂದರೆ ಯಾರೂ ಎಬ್ಬಿಸುವುದಿಲ್ಲ. ಸಿನಿಮಾದ ಭಾಷಣಗಳು ಅಲ್ಲಿ ಕೇಳುವುದಿಲ್ಲ. ಕೂಗುವ ಹೆಸರುಗಳು, ಮುಂದೂಡುವ ತಾರೀಖುಗಳು, ಪಹಣಿಯ ನಕಲು ತರಲು ಮರೆತ ಕಕ್ಷಿದಾರರು, ಅವರ ಮೇಲೆ ರೇಗುವ ವಕೀಲರು. ಬೇಸರವಾಗುತ್ತದೆ. ಎರಡನೇ ವಾರದ ಹೊತ್ತಿಗೆ ಯಾವ ವಕೀಲರು ಕಡತ ಓದಿ ಬಂದಿದ್ದಾರೆ, ಯಾರು ಓದಿಲ್ಲ ಎಂಬುದು ನಿಮಗೇ ತಿಳಿಯತೊಡಗುತ್ತದೆ.

ಪದವಿ ಮುಗಿದ ಮೇಲಿನ ಮೆಟ್ಟಿಲುಗಳು ಬೇಗ ಹೇಳಿ ಮುಗಿಸುವಂಥವು. 1961ರ ವಕೀಲರ ಕಾಯಿದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಕಾಯಿದೆ ನಿಗದಿ ಮಾಡಿದ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಬೇರ್ ಆಕ್ಟ್ ಎದುರಿಗಿಟ್ಟುಕೊಂಡೇ ಅದನ್ನು ಬರೆಯಬಹುದು. ನ್ಯಾಯಾಧೀಶರಾಗುವ ಕನಸಿದ್ದರೆ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂಬ ನಿಯಮ 2025ರ ಮೇ ತಿಂಗಳ ತೀರ್ಪಿನಿಂದ ಮರಳಿ ಬಂದಿದೆ ಎಂಬುದು ನೆನಪಿರಲಿ. ಹಿರಿಯ ವಕೀಲರ ಕೈಕೆಳಗೆ ಕಿರಿಯರಾಗಿ ಸೇರಿದ ಮೊದಲ ವರ್ಷಗಳಲ್ಲಿ ಕೈಗೆ ಬರುವ ಹಣ ತೀರಾ ಕಡಿಮೆ. ಇದನ್ನು ಮನೆಯವರೊಂದಿಗೆ ಈಗಲೇ ಮಾತಾಡಿಕೊಳ್ಳಿ. ಎಲ್ಲರೂ ಕರಿ ಕೋಟು ಹಾಕಲೇಬೇಕೆಂದಿಲ್ಲ. ಬ್ಯಾಂಕು, ಕಂಪನಿ, ಸರ್ಕಾರಿ ಇಲಾಖೆ, ಪತ್ರಿಕೆ, ಬೋಧನೆ ಎಲ್ಲಕ್ಕೂ ಈ ಓದು ಬೇಕಾಗುತ್ತದೆ.

ಪರೀಕ್ಷೆಯಲ್ಲಿ ಸಮಸ್ಯೆ ರೂಪದ ಪ್ರಶ್ನೆಗಳು ಬರುತ್ತವೆ. ಒಂದು ಸಣ್ಣ ಘಟನೆ ಕೊಟ್ಟು 'ತೀರ್ಮಾನಿಸಿ' ಎನ್ನುತ್ತಾರೆ. ತೀರ್ಮಾನ ಬೇರೆಯಾದರೂ ಕಾರಣ ಗಟ್ಟಿಯಾಗಿದ್ದರೆ ಒಳ್ಳೆಯ ಮೌಲ್ಯಮಾಪಕರು ಅಂಕ ಕೊಡುತ್ತಾರೆ. ಕಾರಣವಿಲ್ಲದ ಸರಿ ಉತ್ತರಕ್ಕೆ ಹೆಚ್ಚೇನೂ ಸಿಗದು. ಕಾಲೇಜಿಗೆ ಸೇರುವ ಮುನ್ನವೇ ಅಂಥದ್ದೊಂದನ್ನು ನಿಮ್ಮ ಮುಂದಿಡುತ್ತೇನೆ. ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬ ಓದಲು ಧಾರವಾಡಕ್ಕೆ ಬಂದು ಖಾನಾವಳಿಯೊಂದರಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಾನೆ. ಅಂಗಡಿಯೊಂದರಲ್ಲಿ ಕಂತಿನ ಮೇಲೆ ದುಬಾರಿ ಮೊಬೈಲನ್ನೂ ಕೊಳ್ಳುತ್ತಾನೆ. ಮೂರು ತಿಂಗಳಾದರೂ ಎರಡಕ್ಕೂ ಹಣ ಕೊಡುವುದಿಲ್ಲ. ಅವನ ಹೆಸರಿನಲ್ಲಿ ಅಜ್ಜ ಬರೆದಿಟ್ಟ ಒಂದು ಮನೆ ಇದೆ. ಖಾನಾವಳಿಯವರೂ ಅಂಗಡಿಯವರೂ ನಿಮ್ಮ ಬಳಿಗೆ ಬಂದಿದ್ದಾರೆ. ಕರಾರು ಕಾಯಿದೆಯ 10, 11 ಮತ್ತು 68ನೇ ಕಲಂಗಳನ್ನು ಆ ಕ್ರಮದಲ್ಲೇ ಓದಿ, 1903ರ ಮೊಹೊರಿ ಬೀಬಿ ಪ್ರಕರಣವನ್ನು ಹುಡುಕಿ ತೆಗೆಯಿರಿ. ಇಬ್ಬರಿಗೂ ಒಂದೇ ಉತ್ತರ ಕೊಡಬಹುದೇ ಎಂಬುದನ್ನು ಕಾರಣಸಹಿತ ಒಂದು ಪುಟದಲ್ಲಿ ಬರೆದು ನೋಡಿ.